ಹೈದರಾಬಾದಿನಲ್ಲಿ ಅಪ್ಪ ಬಿಟ್ಟುಬಂದ ಮಾತು

ವಾಡಿ ಜಂಕ್ಷನ್

ಪರದೇಶಕ್ಕೆ ಹೋಗಿಬಂದವರೆಲ್ಲ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನ್ನದು ಶುರುವಾಗುವುದು ವಾಡಿ ಜಂಕ್ಷನ್ನಿನಲ್ಲಿ, ಮಿರ್ಚಿ ಭಜಿ ತರುತ್ತೇನೆಂದು ಇಳಿದ ಅಪ್ಪ ಇನ್ನೇನು ರೈಲು ತಪ್ಪಿಸಿಕೊಳ್ಳುವುದರಲ್ಲಿದ್ದಾಗ. ಹೈದರಾಬಾದು ಯಾವಾಗ ಪರದೇಶವಾಯಿತು ಎಂದು ನೀವು ನಗಬಹುದು. ನಗಿ. ಆಗಿನ್ನೂ ಗುಲಬರ್ಗಾ ಎನಿಸಿಕೊಳ್ಳುತ್ತಿದ್ದ ನಮ್ಮೂರಿನ ಸಂಜೆ ಕಾನೂನು ಕಾಲೇಜಿನಿಂದ ಅಲ್ಲಿಯ ತನಕ ಸ್ಪರ್ಧೆಗೆಂದು ಯಾರೂ ಹೋಗಿರಲಿಲ್ಲ. ನನಗೂ ನನ್ನ ಸಹಪಾಠಿ ನಸ್ರೀನಳಿಗೂ ಅದು ಪರದೇಶವೇ. ಅಪ್ಪನಿಗೆ ಮಾತ್ರ ಅದು ಬಿಟ್ಟುಬಂದ ಊರು.

ಹೋಗುತ್ತಿದ್ದದ್ದು ಮೂಟ್ ಕೋರ್ಟಿಗೆ. ಅಂದರೆ ಕಾನೂನು ವಿದ್ಯಾರ್ಥಿಗಳ ಸುಳ್ಳು ಕೋರ್ಟು. ಮೊಕದ್ದಮೆ ಕಟ್ಟುಕತೆ, ನ್ಯಾಯಾಧೀಶರ ಕುರ್ಚಿಯಲ್ಲಿ ಕೂರುವವರು ನಿಜವಾದ ವಕೀಲರು, ಕರಿ ಕೋಟು ಹಾಕಿಕೊಂಡು ವಾದ ಮಾಡುವವರು ನಾವು. ಆ ವರ್ಷ ಕೊಟ್ಟಿದ್ದ ಕತೆ ಇಷ್ಟು: ಸಾಫ್ಟ್‌ವೇರ್ ಪಾರ್ಕ್ ಕಟ್ಟಲು ಸರ್ಕಾರ ಒಂದು ಊರಿನ ಜಮೀನು ತೆಗೆದುಕೊಂಡಿದೆ, ಊರಿನವರಿಗೆ ಮುಂಚೆ ನೋಟೀಸೇ ಕೊಟ್ಟಿಲ್ಲ. ನಾವಿಬ್ಬರೂ ಊರಿನವರ ಪರ ವಕೀಲರು.

ನಮ್ಮ ಜೊತೆ ಬರಬೇಕಿದ್ದ ಮೇಷ್ಟ್ರಿಗೆ ಮಗಳ ನಿಶ್ಚಿತಾರ್ಥ ಬಂತು. ಹುಡುಗಿಯರನ್ನು ಒಂಟಿಯಾಗಿ ಕಳಿಸಲಾರೆ ಎಂದು ಪ್ರಿನ್ಸಿಪಾಲರು ಹೇಳಿ ಮುಗಿಸುವ ಮೊದಲೇ ಅಪ್ಪ, "ನಾ ಇದ್ದೀನಲ್ರಿ ಸರ್, ನಾ ಹೋಗ್ತೀನಿ" ಅಂದುಬಿಟ್ಟ. ಅಪ್ಪನನ್ನು ಪ್ರಿನ್ಸಿಪಾಲರೂ ಬಲ್ಲರು. ಜಿಲ್ಲಾ ಕೋರ್ಟಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಟೈಪಿಸ್ಟ್ ಬಸಣ್ಣನನ್ನು ಊರಿನ ಯಾವ ವಕೀಲ ತಾನೇ ಅರಿಯ.

ಅಪ್ಪ ಕೂಡ ಒಂದು ಕಾಲಕ್ಕೆ ವಕೀಲನಾಗುವವನಿದ್ದ. ಹೈದರಾಬಾದಿನಲ್ಲಿ ಕಾನೂನು ಓದಲು ಸೇರಿದ್ದ. ಮೊದಲ ವರ್ಷದ ಮೂಟ್ ಕೋರ್ಟಿನಲ್ಲಿ ಅವನ ಹೆಸರು ಬಂದಿತ್ತು. ವಾದದ ಮೊದಲ ಮಾತು ಬಾಯಿಪಾಠ ಮಾಡಿಕೊಂಡು ಕನ್ನಡಿಯ ಮುಂದೆ ನಿಂತು ಹೇಳಿ ನೋಡುತ್ತಿದ್ದನಂತೆ. ಅಷ್ಟರಲ್ಲಿ ಅಜ್ಜನಿಗೆ ಲಕ್ವಾ ಹೊಡೆಯಿತೆಂದು ತಂತಿ ಬಂತು. ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಟೈಪಿಂಗ್ ಕಲಿತ, ಮರದ ಕೆಳಗೆ ಕೂತ. ಬೇರೆಯವರ ವಾದವನ್ನೆಲ್ಲ ಟೈಪ್‌ರೈಟರಿನಲ್ಲಿ ಬಡಿದು ಬಡಿದು ಹಾಕಿದವನು ತಾನು ಒಂದು ಮಾತೂ ಕೋರ್ಟಿನಲ್ಲಿ ನಿಂತು ಆಡಲಿಲ್ಲ.

ರೈಲು ಹೊರಟ ಮೇಲೆ ಓಡಿಬಂದು ಹತ್ತಿದ ಅಪ್ಪನ ಕೈಯಲ್ಲಿ ಭಜಿಯ ಪೊಟ್ಟಣ ಮಾತ್ರ ಭದ್ರವಾಗಿತ್ತು, ಒಂದು ಕಾಲಿನ ಚಪ್ಪಲಿ ವಾಡಿಯಲ್ಲೇ ಉಳಿದಿತ್ತು.

"ಚಾಚಾ, ಇದೇನ್ ಅವತಾರ!" ನಸ್ರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೋಗ್ಲಿ ಬಿಡವಾ. ಸುಲ್ತಾನ್ ಬಜಾರದಾಗ ಹೊಸಾವು ತಗೋತೀನಿ. ಅಲ್ಲಿ ಸಿಗಲಾರದ್ದು ಏನದ?" ಅಂದ ಅಪ್ಪ. ಅವನಿಗೆ ಒಳಗೊಳಗೇ ಖುಷಿಯಾದಂತಿತ್ತು.

ಸೇಡಂ ದಾಟಿದ ಮೇಲೆ ನಿಲ್ದಾಣದ ಫಲಕಗಳಲ್ಲಿ ಕನ್ನಡ ಹೋಗಿ ತೆಲುಗು ಬಂತು. ಅಪ್ಪ ಕಿಟಕಿಗೆ ಮೂಗು ಒತ್ತಿಕೊಂಡು ಒಂದೊಂದೇ ಹೆಸರು ಓದುತ್ತ ಬಂದ. ಸನತ್‌ನಗರದಲ್ಲಿ ರೈಲು ಸುಮ್ಮನೆ ನಿಂತಾಗ, ಕಾರ್ಖಾನೆಗಳ ಹೊಗೆ ಕಂಡು, "ಈ ವಾಸನಿ ಬಂತಂದ್ರ ಊರು ಬಂತು ಅಂತ ತಿಳಕೋ" ಅಂದ. ಗುಲಬರ್ಗಾ ಬಿಟ್ಟಾಗಿನಿಂದ ಅವನ ಬಾಯಲ್ಲಿ ಊರು ಅಂದರೆ ಹೈದರಾಬಾದೇ ಆಗಿಹೋಗಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಸುಲ್ತಾನ್ ಬಜಾರ್

ಹೈದರಾಬಾದಿನ ನಾಂಪಲ್ಲಿ ನಿಲ್ದಾಣದಲ್ಲಿ ಇಳಿದವನೇ ಅಪ್ಪ ಬರಿಗಾಲಲ್ಲಿ ನಮ್ಮನ್ನು ಸುಲ್ತಾನ್ ಬಜಾರಿಗೆ ಎಳೆದುಕೊಂಡು ಹೋದ. ಚಪ್ಪಲಿ ನೆಪ. ಅವನಿಗೆ ನೋಡಬೇಕಿದ್ದದ್ದು ತಾನು ಇದ್ದ ಕೋಣೆ.

ಆ ಬಜಾರಿನಲ್ಲಿ ನಡೆಯುವುದು ಅಂದರೆ ಜನ ತಳ್ಳಿದತ್ತ ಹೋಗುವುದು. ಬಳೆ, ಲಂಗ, ಪಾತ್ರೆ, ಸೂಜಿ, ಎಲ್ಲವೂ ದಾರಿಯ ಮೇಲೇ. ನಮ್ಮೂರಿನಲ್ಲಿ ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆಯಲ್ಲಿ ಅಂಗಡಿಯವನು ಕರೆದು ಕೂರಿಸಿ, ಯಾರ ಮಗಳು, ಮನೆ ಎಲ್ಲಿ ಎಂದೆಲ್ಲ ಕೇಳಿ ಆಮೇಲೆ ಬಟ್ಟೆಯ ಥಾನು ಬಿಚ್ಚುತ್ತಾನೆ. ಇಲ್ಲಿ ಬಟ್ಟೆ ಮೊದಲೇ ನಮ್ಮ ಹೆಗಲ ಮೇಲೆ ಬಂದು ಬೀಳುತ್ತಿತ್ತು.

ಅಪ್ಪ ಒಂದು ಗಲ್ಲಿಯ ಬಾಯಲ್ಲಿ ನಿಂತ. ಕೆಳಗೆ ಸೀರೆ ಅಂಗಡಿ ಹಾಗೇ ಇತ್ತು. ಮೇಲಿನ ಕೋಣೆಗೆ ಗಾಜಿನ ಬಾಗಿಲು ಬಂದು, ಕಂಪ್ಯೂಟರ್ ಕೋರ್ಸಿನ ದೊಡ್ಡ ಫಲಕ ಹಾಕಿದ್ದರು. ಫಲಕದಲ್ಲಿ ಟೈ ಕಟ್ಟಿದ ಹುಡುಗನೊಬ್ಬ ವಿಮಾನ ತೋರಿಸುತ್ತ ನಗುತ್ತಿದ್ದ. ಆ ದಿನಗಳಲ್ಲಿ ಹೈದರಾಬಾದಿನ ಗೋಡೆ ಗೋಡೆಯ ಮೇಲೂ ಈ ಹುಡುಗನೇ.

"ಅದೇ ಕಿಟಕಿ. ಅಲ್ಲೇ ಕನ್ನಡಿ ತೂಗುಹಾಕಿದ್ದೆ" ಅಂದ ಅಪ್ಪ.

"ಮೇಲೆ ಹೋಗಿ ನೋಡೋಣೇನಪ್ಪಾ?"

"ಏನಂತ ಹೇಳಿ ಹೋಗೋದು? ಕಂಪ್ಯೂಟರ್ ಕಲೀಲಿಕ್ಕೆ ಬಂದೀನಿ ಅಂತಾ?" ನಕ್ಕ. ಆದರೆ ಕಾಲು ಕೀಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ನೀ ಫೈನಲ್‌ಗೆ ಹೋಗಬೇಕು ನೋಡು. ದೊಡ್ಡ ಹಾಲ್‌ನ್ಯಾಗ, ಹೈಕೋರ್ಟ್ ಜಡ್ಜ್ ಮುಂದ ನೀ ನಿಂತು ಮಾತಾಡೋದು ನಾ ಕಣ್ಣಾರೆ ನೋಡಬೇಕು. ಮತ್ತೇನೂ ಬ್ಯಾಡ ನನಗ" ಅಂದ.

ಫೈನಲ್ ಮಾತ್ರ ದೊಡ್ಡ ಹಾಲಿನಲ್ಲಿ, ನಿಜವಾದ ಹೈಕೋರ್ಟ್ ನ್ಯಾಯಮೂರ್ತಿಗಳ ಎದುರು ಎಂದು ಸ್ಪರ್ಧೆಯ ಕರೆಯೋಲೆಯಲ್ಲಿತ್ತು. ಅದನ್ನು ಅಪ್ಪ ಎಷ್ಟು ಸಲ ಓದಿದ್ದನೋ. ನಾನು ಹೂಂ ಅಂದೆ.

ಗಚ್ಚಿಬೌಲಿಯ ಆಚೆ

ಬಜಾರಿನ ಪಕ್ಕದ ಕೋಠಿಯಿಂದ ಬಸ್ಸು ಹಿಡಿದು ಹೋದಷ್ಟೂ ಊರು ಮುಗಿಯಲಿಲ್ಲ. ಗಚ್ಚಿಬೌಲಿ ಬಂದಾಗ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಎದ್ದು ನಿಂತಿದ್ದವು, ಅರ್ಧ ಮುಗಿದವು, ಅರ್ಧ ಬರೀ ಕಬ್ಬಿಣದ ಸರಳು. ಬಿಳಿ ಸುಮೋ ಗಾಡಿಗಳಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ನಿದ್ದೆ ಮಾಡುತ್ತ ಹೋಗುತ್ತಿದ್ದರು. ಅದರಾಚೆ, ಬಂಡೆಗಳ ಮಗ್ಗುಲಲ್ಲಿ ನಮ್ಮನ್ನು ಕರೆದಿದ್ದ ಕಾನೂನು ಶಾಲೆ.

ಗೇಟಿನಲ್ಲಿ ನಮ್ಮನ್ನು ಎದುರುಗೊಂಡವಳು ಮಾಧವಿ, ಅಲ್ಲಿಯ ಮೂರನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ತಂಡವನ್ನು ನೋಡಿಕೊಳ್ಳಲು ಅವಳನ್ನೇ ನೇಮಿಸಿದ್ದರು. ಇಂಗ್ಲಿಷಿನಲ್ಲಿ ಪಟಪಟ ನಿಯಮ ಹೇಳುತ್ತಿದ್ದವಳು, ಅಪ್ಪ ನನ್ನ ಜೊತೆ ಮಾತಾಡಿದ್ದು ಕೇಳಿ ಕಣ್ಣರಳಿಸಿದಳು.

"ಅಯ್ಯ, ನೀವು ಕನ್ನಡದೋರಾ ಅಂಕಲ್? ನಮ್ದೂ ಅದೇ ಮಾತ ರಿ. ಮುತ್ತಜ್ಜನ ಕಾಲದಾಗ ನೌಕರಿಗಂತ ಇಲ್ಲಿ ಬಂದೋರು ನಾವು. ಈಗ ಮನ್ಯಾಗ ಅಜ್ಜಿ ಜೋಡಿ ಅಷ್ಟ ಕನ್ನಡ ಐತಿ. ಹೊರಗ ಬಂದ್ರ ಬರೀ ತೆಲುಗು, ಹಿಂದಿ."

"ಹೌದಾ ಯವ್ವಾ! ನಮ್ದು ಗುಲ..." ಅಪ್ಪ ಶುರು ಮಾಡಿದ್ದ. ಮಾಧವಿ ಗಾಬರಿಯಾಗಿ ಕೈ ಅಡ್ಡ ಹಿಡಿದಳು.

"ಬ್ಯಾಡ ಅಂಕಲ್, ಹೇಳಬ್ಯಾಡ್ರಿ! ಯಾವ ತಂಡ ಯಾವ ಊರಿಂದು ಅಂತ ಇಲ್ಲಿ ಯಾರಿಗೂ ಗೊತ್ತಾಗಬಾರದು. ಜಡ್ಜ್ ಕಿವಿಗೆ ಬಿತ್ತಂದ್ರ ನಿಮ್ಮನ್ನ ಸ್ಪರ್ಧೆಯಿಂದನ ತೆಗೀತಾರ."

ಊರು ಹೇಳದೆ ಮಾತಾಡುವುದು! ನಮ್ಮ ಕಡೆ ನೀರು ಕೊಡುವ ಮೊದಲೇ ಯಾವೂರು ಅಂತ ಕೇಳುತ್ತಾರೆ. ಅಪ್ಪನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಆದರೂ ಪಾಪ, ಪಾಲಿಸಿದ. ಗೇಟಿನೆದುರಿನ ಚಹಾದ ಗೂಡಂಗಡಿಗೆ ಕಟ್ಟಡ ಕೆಲಸದವರು ಬರುತ್ತಿದ್ದರು, ಎಲ್ಲ ಯಾದಗಿರಿ, ಸೇಡಂ ಕಡೆಯವರು. ಅಪ್ಪ ಅವರ ನಡುವೆ ಹೋಗಿ ಕೂತ. ಒಬ್ಬಳು ಹೆಂಗಸು ಬುಟ್ಟಿ ಇಳಿಸಿ, "ಯಾವೂರ್ರಿ ಕಾಕಾ ನಿಮ್ದು?" ಅಂತ ಕೇಳಿಯೇ ಕೇಳಿದಳು.

ಅಪ್ಪ ಅತ್ತ ಇತ್ತ ನೋಡಿ, "ಹೇಳಬಾರದವಾ. ಕೋರ್ಟಿನ ಆರ್ಡರ್ ಅದ" ಅಂದ.

ಆಕೆ ಇವನು ಯಾವುದೋ ಕೇಸಿನಲ್ಲಿ ತಪ್ಪಿಸಿಕೊಂಡು ಬಂದವನೆಂದು ತಿಳಿದು ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತಳು. ನಸ್ರೀನ್ ಬಾಯಲ್ಲಿದ್ದ ಚಹಾ ಹೊರಗೆ ಉಗಿಯುವಂತಾಯಿತು.

ಮೆಸ್ಸು ಮತ್ತು ಗ್ರಂಥಾಲಯ

ನಮ್ಮಿಬ್ಬರಿಗೂ ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಕೊಟ್ಟಿದ್ದರು, ಅಪ್ಪನಿಗೆ ಗೇಟಿನ ಹತ್ತಿರದ ಅತಿಥಿ ಕೋಣೆಯಲ್ಲಿ. ಮೆಸ್ಸಿನಲ್ಲಿ ತಿಂಡಿಗೆ ಉಪ್ಪಿಟ್ಟು. ಅದನ್ನು ಹೈದರಾಬಾದಿನವರು ಉಪ್ಮಾ ಅನ್ನುತ್ತಾರೆ, ಮೇಲೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಾರೆ. ಅಲ್ಲಿಯ ಹುಡುಗರು ತಟ್ಟೆಯ ಪಕ್ಕದಲ್ಲಿ ತೀರ್ಪಿನ ಪ್ರತಿ ತೆರೆದಿಟ್ಟುಕೊಂಡೇ ತಿನ್ನುತ್ತಿದ್ದರು. ಉಪ್ಪಿನಕಾಯಿಯ ಎಣ್ಣೆ ಸುಪ್ರೀಂ ಕೋರ್ಟಿನ ಮೇಲೆ ಬೀಳುತ್ತಿತ್ತು, ಯಾರಿಗೂ ಪರಿವೆಯಿಲ್ಲ. ಯಾವ ಬೆಂಚಿಗೆ ಹೋದರೂ ಒಂದೇ ಮಾತು: ಮುಂಬೈಯ ಯಾವ ಕಂಪನಿ ಯಾರನ್ನು ಕರೆಯಿತು, ಸಾಫ್ಟ್‌ವೇರ್ ಒಪ್ಪಂದ ಬರೆಯಲು ಕಲಿತರೆ ಎಷ್ಟು ಬೇಗ ಕಾರು ಬರುತ್ತದೆ. ಕೋರ್ಟಿಗೆ ಹೋಗುತ್ತೇನೆ ಅಂದವಳು ಮಾಧವಿಯೊಬ್ಬಳೇ. ಅದಕ್ಕೆ ಅವಳ ಗೆಳತಿಯರು ಅವಳನ್ನು ಅಜ್ಜಿ ಎಂದು ಕಿಚಾಯಿಸುತ್ತಿದ್ದರು.

ನಮ್ಮ ಕೋಟುಗಳ ಕತೆ ಬೇರೆ. ನನ್ನದು ಅಪ್ಪನ ಪರಿಚಯದ ವಕೀಲರದು, ನಸ್ರೀನಳದು ಅವಳ ಸೋದರಮಾವನದು. ತೋಳನ್ನು ಎರಡು ಸಲ ಮಡಚಿದರೂ ಬೆರಳು ಹೊರಗೆ ಬರುತ್ತಿರಲಿಲ್ಲ. "ಪರವಾ ನಕ್ಕೋ ಕರ್, ಚಿಂತಿ ಬ್ಯಾಡ, ವಾದ ಬಾಯಿಂದ ಮಾಡೋದು, ಬೆರಳಿಂದ ಅಲ್ಲ" ಎಂದು ಅವಳೇ ನನಗೆ ಧೈರ್ಯ ಹೇಳಿದಳು.

ನಾನು ಸೋತದ್ದು ಗ್ರಂಥಾಲಯಕ್ಕೆ. ನಮ್ಮ ಕಾಲೇಜಿನ ಗ್ರಂಥಾಲಯ ಅಂದರೆ ಬೀಗ ಹಾಕಿದ ಎರಡು ಬೀರು. ಜವಾನ ಬಂದರೆ ಪುಸ್ತಕ, ಬಾರದಿದ್ದರೆ ಇಲ್ಲ. ಇಲ್ಲಿ ಸಾಲು ಸಾಲು ತೆರೆದ ಕಪಾಟು, ಬೇಕಾದ್ದನ್ನು ನಮ್ಮ ಕೈಯಾರೆ ತೆಗೆದುಕೊಳ್ಳಬಹುದು. ಕಿಟಕಿಯ ಪಕ್ಕ ಒಂದು ಮೇಜಿನ ಮುಂದೆ ಕೂತೆ. ಎದ್ದು ಬರಲು ಮನಸ್ಸೇ ಆಗಲಿಲ್ಲ. ಇಲ್ಲಿ ಓದಬೇಕಿತ್ತು ನಾನು, ಇದು ನನ್ನ ಜಾಗವಾಗಬೇಕಿತ್ತು ಅನ್ನಿಸಿತು. ತಲೆ ಎತ್ತಿ ನೋಡಿದರೆ ಅಪ್ಪ ಎದುರಿನ ಕಪಾಟಿನ ಹತ್ತಿರ ನಿಂತಿದ್ದ. ಒಪ್ಪಂದ ಕಾಯಿದೆಯ ಪುಸ್ತಕ ಕೈಯಲ್ಲಿ ಹಿಡಿದು, ಓದದೆ, ಸುಮ್ಮನೆ ಬೆನ್ನು ಸವರುತ್ತಿದ್ದ. ಇಬ್ಬರಿಗೂ ಒಂದೇ ಕಾಯಿಲೆ ಎಂದು ಆಗ ಗೊತ್ತಾಯಿತು.

ಎರಡನೆಯ ಮಹಡಿಯ ಕೋರ್ಟು

ಮೊದಲ ಸುತ್ತುಗಳನ್ನು ಗೆದ್ದೆವು. ಹೇಗೆ ಗೆದ್ದೆವೋ ನಮಗೇ ನಂಬಿಕೆ ಬರಲಿಲ್ಲ. ನಸ್ರೀನ್ ಅಂತೂ ಎದುರು ತಂಡದವರನ್ನು ಅವರ ಮಾತಿನಲ್ಲೇ ಸಿಕ್ಕಿಸಿ ಹಾಕಿದಳು. ಉಳಿದದ್ದು ಸೆಮಿಫೈನಲ್. ಅದನ್ನು ದಾಟಿದರೆ ದೊಡ್ಡ ಹಾಲು.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮ ಜಿಲ್ಲಾ ಕೋರ್ಟಿನಲ್ಲಿ ವಕೀಲರು ವಾದ ಮಾಡುವಾಗ ಹಿಂದೆ ಗುಮಾಸ್ತನೋ ಟೈಪಿಸ್ಟನೋ ನಿಂತಿರುತ್ತಾನೆ. ವಕೀಲರು ತಡವರಿಸಿದರೆ ಅವನು ಹಿಂದಿನಿಂದ ಮೆಲ್ಲಗೆ ಮುಂದಿನ ಮಾತು ಎತ್ತಿಕೊಡುತ್ತಾನೆ. ಜಡ್ಜರೂ ಕೇಳಿಸಿಕೊಂಡು ಕೇಳಿಸದಂತೆ ಇರುತ್ತಾರೆ. ಅಪ್ಪನದು ಅದರಲ್ಲಿ ಪಳಗಿದ ನಾಲಿಗೆ. ಮನೆಯಲ್ಲಿ ನಾನು ಅಭ್ಯಾಸ ಮಾಡುವಾಗಲೂ ಅಷ್ಟೇ, ಅವನು ಹಿಂದೆ ಮಂಚದ ಮೇಲೆ ಕೂತಿರುತ್ತಿದ್ದ. ಮೂರನೆಯ ಅಂಶಕ್ಕೆ ಬಂದಾಗ ನಾನು ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದೆ. ಹಿಂದಿನಿಂದ ಅಪ್ಪ, "ನೋಟೀಸ್ ಕೊಟ್ಟಿಲ್ಲ ಅಂತ ಹೇಳು, ಯವ್ವಾ" ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಎಷ್ಟು ಸಲ ಹೀಗಾಯಿತೆಂದರೆ ಆ ಮಾತು ನನ್ನ ವಾದದ್ದೇ ಒಂದು ಭಾಗವಾಗಿಬಿಟ್ಟಿತ್ತು.

ಸೆಮಿಫೈನಲ್ಲಿಗೆ ಎರಡನೆಯ ಮಹಡಿಯ ತರಗತಿಯನ್ನೇ ಕೋರ್ಟು ಮಾಡಿದ್ದರು. ಎತ್ತರದ ಕುರ್ಚಿಗಳಲ್ಲಿ ಮೂವರು ಜಡ್ಜರು, ನಡುವೆ ಬಿಳಿಗೂದಲಿನ ಹಿರಿಯ ವಕೀಲೆ. ಕೆಳಗಿನ ಮೇಜಿನಲ್ಲಿ ಕೋರ್ಟ್ ಕ್ಲರ್ಕ್ ಆಗಿ ಮಾಧವಿ. ಹಿಂದಿನ ಸಾಲಿನಲ್ಲಿ ಅಪ್ಪ, ಹೊಸ ಚಪ್ಪಲಿ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ. ಅದು ನನಗೂ ತಿಳಿಯುತ್ತಿತ್ತು. ಮೂರನೆಯ ಅಂಶಕ್ಕೆ ಬಂದೆ. ಉಸಿರೆಳೆದುಕೊಳ್ಳಲು ನಿಂತೆ. ಮರೆತಿರಲಿಲ್ಲ, ಮಾತು ತುಟಿಯ ಮೇಲೇ ಇತ್ತು.

"ನೋಟೀಸ್ ಕೊಟ್ಟಿಲ್ಲ ಅಂತ ಹೇಳು, ಯವ್ವಾ."

ಟೈಪ್‌ರೈಟರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ದಪ್ಪಗಾದ ದನಿ ಅಪ್ಪನದು. ಮೆಲ್ಲಗೆ ಅಂದರೂ ಇಡೀ ಕೋಣೆಗೆ ಕೇಳಿತು. ಬಿಳಿಗೂದಲಿನ ಜಡ್ಜು ಕನ್ನಡಕ ಎತ್ತಿ ನೋಡಿದರು. "ಹಿಂದಿನಿಂದ ಏನೋ ಹೇಳಿದರು. ಏನಂದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಕ್ಲರ್ಕ್, ಆ ಭಾಷೆ ನಿನಗೆ ಬರುತ್ತದೆಯೇ?"

ಮಾಧವಿ ಎದ್ದು ನಿಂತಳು. ಒಮ್ಮೆ ನನ್ನನ್ನು ನೋಡಿದಳು. ಅರ್ಥವಾಗಲಿಲ್ಲ ಅಂದುಬಿಡು ತಾಯಿ, ಅಂದುಬಿಡು ಎಂದು ನಾನು ಒಳಗೇ ಗೋಗರೆಯುತ್ತಿದ್ದೆ. ಆದರೆ ಅಪ್ಪ ಅಂದ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿ ಕೂತಳು.

ಪ್ರೇಕ್ಷಕರಿಂದ ನೆರವು ಪಡೆದರೆ ಅಂಕ ಕಡಿತ. ಅದು ನಿಯಮ. ಊರಿನ ಹೆಸರು ಹೇಳಬಾರದೆಂದು ಅಪ್ಪನಿಗೆ ನೂರು ಸಲ ಹೇಳಿದ್ದ ನಮಗೆ ಇದನ್ನು ಹೇಳಬೇಕೆಂದು ಹೊಳೆದೇ ಇರಲಿಲ್ಲ. ನಾನು ವಾದ ಮುಗಿಸಿದೆ, ನಸ್ರೀನ್ ಜೀವ ಒತ್ತೆಯಿಟ್ಟು ವಾದಿಸಿದಳು. ಸೋತೆವು. ಅಂಕ ಕತ್ತರಿಸದಿದ್ದರೆ ಇವರೇ ಮುಂದಿದ್ದರು ಎಂದು ಆ ಜಡ್ಜಮ್ಮ ಎಲ್ಲರೆದುರು ಹೇಳಿದರು. ಸಮಾಧಾನಕ್ಕೆಂದೇ ಹೇಳಿದ್ದು. ಅಪ್ಪನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. "ಹಿಂದ ನಿಂತು ಹೇಳೋದೊಂದೇ ನನಗ ಬರ್ತಿತ್ತು ಯವ್ವಾ. ಅದನ್ನೂ ಹೇಳಬಾರದ ಜಾಗದಾಗ ಹೇಳಿದೆ" ಅಂದ. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಅವನ ಮುಖ ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ, ಅಳು ಬಂತು. "ಚಾಚಾ, ರೋನಾ ನಕ್ಕೋ, ಅಳಬ್ಯಾಡ್ರಿ" ಎಂದು ನಸ್ರೀನ್ ಅವನಿಗೆ ಹೇಳುತ್ತ ತಾನೇ ಅತ್ತಳು.

ಅಪ್ಪ ಹೋಗಿ ಕೆಲವು ವರ್ಷಗಳಾದವು. ಕಲಬುರಗಿಯ ಕೋರ್ಟಿನಲ್ಲಿ ವಾದ ಮಾಡುವಾಗ ಈಗಲೂ ನಡುವೆ ಉಸಿರೆಳೆದುಕೊಳ್ಳಲು ನಿಲ್ಲುತ್ತೇನೆ. ಹಿಂದಿನಿಂದ ಯಾರೂ ಏನೂ ಹೇಳುವುದಿಲ್ಲ. ಆ ದನಿ ಒಂದು ಸಲ ಕೇಳಿಸಿದರೆ ಕೇಸು ಸೋತರೂ ಸರಿ ಅನ್ನಿಸುತ್ತದೆ.

ದೊಡ್ಡ ಹಾಲು

ಸೋತ ಮರುದಿನ ಫೈನಲ್ಲಿಗೆ ಅಪ್ಪ ಬರಲಿಲ್ಲ. ಗೇಟಿನೆದುರಿನ ಗೂಡಂಗಡಿಯಲ್ಲಿ ಕೂತು, ಈಗ ಅಡ್ಡಿಯಿಲ್ಲವಲ್ಲ ಎಂದು, ಬುಟ್ಟಿಯ ಹೆಂಗಸಿಗೆ "ಗುಲಬರ್ಗಾದವರು ರಿ ನಾವು" ಎಂದು ಹೇಳಿದನಂತೆ. ಹೇಳಿದ್ದರಲ್ಲಿ ಏನೂ ಸುಖ ಸಿಗಲಿಲ್ಲ ಎಂದು ಆಮೇಲೆ ನನಗೆ ಹೇಳಿದ.

ಫೈನಲ್ ಮುಗಿದು ಜನ ಊಟಕ್ಕೆ ಹೋದ ಮೇಲೆ ನಾವಿಬ್ಬರೂ ತೊಟ್ಟ ಕೋಟಿನಲ್ಲೇ ಅಪ್ಪನ ಹತ್ತಿರ ಹೋದೆವು. ಮಾಧವಿ ನಮ್ಮನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಕಣ್ಣು ಊದಿತ್ತು. ನೇರ ಅಪ್ಪನ ಮುಂದೆ ನಿಂತಳು.

"ಅಂಕಲ್, ಬೈರಿ ನನ್ನ. ಕ್ಲರ್ಕ್ ಕುರ್ಚಿ ಮ್ಯಾಲೆ ಕೂತು ಸುಳ್ಳು ಹೇಳಾಕ ನನ್ನ ಕೈಲೆ ಆಗಲಿಲ್ಲ."

"ಹುಚ್ಚಿ" ಅಂದ ಅಪ್ಪ. "ಆ ಕುರ್ಚಿ ಮ್ಯಾಲೆ ಕೂತು ಸುಳ್ಳು ಹೇಳಿದ್ರ ಬೈತಿದ್ದೆ. ಚಹಾ ಕುಡೀತೀ ಏನು?"

ಅವಳು ಚಹಾ ಕುಡಿಯಲಿಲ್ಲ. ಅಪ್ಪ ಬಿಟ್ಟುಬಂದ ಮೂಟ್ ಕೋರ್ಟಿನ ಕತೆಯನ್ನು ಹಿಂದಿನ ಸಂಜೆ ನಾನೇ ಅವಳಿಗೆ ಹೇಳಿಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿ, "ಹಾಲಿನ ಕೀಲಿ ಸಂಜಿತನಕ ನನ್ನ ಕಡೇನ ಐತಿ. ನಿಮ್ಮ ರೈಲಿಗೆ ಇನ್ನೂ ಹೊತ್ತೈತಲ್ಲ?" ಅಂದಳು.

ದೊಡ್ಡ ಹಾಲು ಖಾಲಿಯಾಗಿತ್ತು. ನೆಲದ ಮೇಲೆ ಹೂವಿನ ಎಸಳು, ಅರ್ಧ ಕುಡಿದ ನೀರಿನ ಬಾಟಲಿಗಳು. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ನಸ್ರೀನ್ ಯಾರನ್ನೂ ಕೇಳದೆ ಹೋಗಿ ನ್ಯಾಯಮೂರ್ತಿಗಳ ಕುರ್ಚಿಯಲ್ಲಿ ಕೂತು, ಉದ್ದ ತೋಳಿನ ಕೈಯಿಂದ ಮೇಜು ಕುಟ್ಟಿದಳು. ಮಾಧವಿ ಕ್ಲರ್ಕಿನ ಮೇಜಿಗೆ ಹೋದಳು. ನಾನು ನನ್ನ ಕೋಟು ತೆಗೆದು ಅಪ್ಪನಿಗೆ ಹಿಡಿದೆ.

"ಏ, ಏನ್ ಹುಡುಗಾಟ ಇದು. ನಾ ಒಲ್ಲೆ" ಅಂದ. ಅನ್ನುತ್ತಲೇ ತೋಳು ಹಾಕಿದ. ಕೋಟು ಅವನಿಗೆ ಸರಿಯಾಗಿ ಕೂತಿತು.

ವಕೀಲರು ನಿಲ್ಲುವ ಮೇಜಿನ ಮುಂದೆ ಅಪ್ಪ ನಿಂತ. ನಾನು ಹಿಂದಿನ ಸಾಲಿಗೆ ಹೋಗಿ ಕೂತೆ. ಅವನು ಗಂಟಲು ಸರಿಮಾಡಿಕೊಂಡು, ಸುಲ್ತಾನ್ ಬಜಾರಿನ ಕನ್ನಡಿಯ ಮುಂದೆ ಹೇಳುತ್ತಿದ್ದ ಮಾತನ್ನು ಹೇಳಿದ.

"ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್."

ಹಾಲು ದೊಡ್ಡದು. ಮಾತು ಹಿಂದಿನ ಗೋಡೆಯ ತನಕ ಹೋಗಿ ಬಂತು. ಅದನ್ನು ಕೇಳಿ ಅಪ್ಪನೇ ಬೆಚ್ಚಿದಂತಾದ. ಮುಂದಿನ ಮಾತು ಹೊರಡಲಿಲ್ಲ. ಕೈಗಳು ಮೇಜಿನ ಮೇಲೆ, ಟೈಪ್‌ರೈಟರಿನ ಅಕ್ಷರ ಹುಡುಕುವಂತೆ, ಆಡುತ್ತಿದ್ದವು.

ನಾನು ಮುಂದೆ ಬಾಗಿದೆ.

"ನೋಟೀಸ್ ಕೊಟ್ಟಿಲ್ಲ ಅಂತ ಹೇಳು, ಅಪ್ಪಾ."

ನಸ್ರೀನ್ ತಲೆ ಎತ್ತಿ, ಆ ಬಿಳಿಗೂದಲಿನ ಜಡ್ಜಿನ ಗತ್ತಿನಲ್ಲೇ ಕೇಳಿದಳು: "ಹಿಂದಿನಿಂದ ಏನೋ ಅಂದರು. ಕ್ಲರ್ಕ್, ಏನಂದರು?"

ಮಾಧವಿ ಎದ್ದು ನಿಂತಳು. ಒಮ್ಮೆ ಅಪ್ಪನನ್ನು ನೋಡಿದಳು.

"ನನಗೇನೂ ಕೇಳಿಸಲಿಲ್ಲ, ಮೈ ಲಾರ್ಡ್" ಅಂದಳು.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ವಾದ ಮುಂದುವರಿಸಿದ.